ಗೌರವ್ವನ ರಕ್ತದಲ್ಲಿ ಇದ್ದದ್ದು

ಧಾರವಾಡ
ಇಸವಿ ೨೨೧೪, ಬಿಡಿದಿನ

ಉರಿಯೂತದ ವಂಶವಾಹಿಗಳನ್ನು ಹುಡುಕುತ್ತ ಕೂತಿರುವ ನನ್ನ ಹಿರಿಯರಿಗೆ, ನಿಮ್ಮಿಂದ ಸುಮಾರು ಎರಡು ಶತಮಾನ ಈಚೆಗಿರುವ ದಾನಮ್ಮ ಮುಗದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ಹಾಗೆ ಹಂಚಿದ ಮೇಲೆ ಒಂದು ದಿನ ಮಿಕ್ಕುತ್ತದೆ. ಅದು ಯಾವ ತಿಂಗಳಿಗೂ ಯಾವ ವಾರಕ್ಕೂ ಸೇರದ್ದರಿಂದ ಬಿಡಿದಿನ ಎನ್ನುತ್ತೇವೆ. ಅಂದು ಎಲ್ಲ ಕೆಲಸಕ್ಕೂ ರಜೆ. ಪ್ರತಿಯೊಬ್ಬರೂ ತಮ್ಮ ಕಸುಬಿನಲ್ಲಿ ತಮಗಿಂತ ಮೊದಲು ದುಡಿದವರಿಗೆ ಒಂದು ಓಲೆ ಬರೆಯುವುದು ರೂಢಿ. ಕುಂಬಾರರು ಕುಂಬಾರರಿಗೆ ಬರೆಯುತ್ತಾರೆ, ಸೂಲಗಿತ್ತಿಯರು ಸೂಲಗಿತ್ತಿಯರಿಗೆ. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ಕೂತು ಗಟ್ಟಿಯಾಗಿ ಓದಿ ನೀರಿಗೆ ಬಿಡುತ್ತೇವೆ. ನಿಮಗೆ ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಮುಟ್ಟಿದರೆ, ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದ ಎಷ್ಟೋ ಶಬ್ದಗಳನ್ನು ನಾವು ಕಳೆದುಕೊಂಡೆವು. ಕೆಲವನ್ನು ಬೇರೆ ಅರ್ಥಕ್ಕೆ ದುಡಿಸಿಕೊಳ್ಳುತ್ತಿದ್ದೇವೆ. ತೊಡಕೆನಿಸಿದಲ್ಲಿ ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಿಮ್ಮ ಕೆಲಸವನ್ನು ನಾಲ್ಕಾರು ತಲೆಮಾರು ದಾಟಿಸಿ ತಂದ ನಮ್ಮ ಕೇಂದ್ರ ಈಗ ಇಲ್ಲ. ಕಟ್ಟಡ ಇದೆ. ಅಲ್ಲೀಗ ಮಕ್ಕಳಿಗೆ ಈಜು ಕಲಿಸುತ್ತಾರೆ. ನಾವು ತಂಪುಗೂಡು ಎನ್ನುತ್ತಿದ್ದ ಕೋಣೆಯ ನೆಲವನ್ನು ಅಗೆದು ಕೊಳ ಮಾಡಿದ್ದಾರೆ. ತಂಪುಗೂಡು ಅಂದರೆ ರಕ್ತದ ಮಾದರಿಗಳನ್ನು ಕೊರೆಯುವ ಚಳಿಯಲ್ಲಿ ಮಲಗಿಸಿ ಇಡುತ್ತಿದ್ದ ಜಾಗ. ಮೊಮ್ಮಗಳನ್ನು ಕರೆದುಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಅವಳು ನೀರಿನಲ್ಲಿ ಕಾಲು ಬಡಿಯುತ್ತಾಳೆ, ನಾನು ಗೋಡೆಗೆ ಒರಗಿ ಕೂತು ಮೂಗಿನಿಂದ ಏನನ್ನೋ ಹುಡುಕುತ್ತೇನೆ. ಕಣಗಳಿಗೆ, ನಿಮ್ಮ ಮಾತಿನಲ್ಲಿ ಜೀವಕೋಶಗಳಿಗೆ, ಊಟವಾಗಿ ಹಾಕುತ್ತಿದ್ದ ಗುಲಾಬಿ ಬಣ್ಣದ ದ್ರವಕ್ಕೆ ಒಂದು ಸಪ್ಪೆ ಸಿಹಿ ವಾಸನೆ ಇತ್ತು. ನಿಮಗೆ ಅದು ಗೊತ್ತಿರಬೇಕು. ಬೇರೆ ಯಾರಿಗೆ ಹೇಳಿದರೂ ತಿಳಿಯುವುದಿಲ್ಲ. ದೀಪಾವಳಿಯಿರಲಿ, ಉರುಸಿರಲಿ, ಮನೆಯಲ್ಲಿ ಮದುವೆಯಿರಲಿ, ಕಣಗಳಿಗೆ ಹಸಿವು ತಪ್ಪದು. ಹೊಸ ಸೀರೆಯ ಮೇಲೆ ಬಿಳಿ ಅಂಗಿ ತೊಟ್ಟು ಓಡುತ್ತಿದ್ದ ಆ ಹಬ್ಬದ ಬೆಳಗುಗಳು ಈಗ ಎಷ್ಟು ಚೆಂದ ಕಾಣುತ್ತವೆ! ಆಗ ಬೈದುಕೊಳ್ಳುತ್ತಲೇ ಓಡಿದ್ದೆ.

ನೀವು ರಕ್ತ ತುಂಬಿಟ್ಟ ಕೊಳವೆಗಳು ತಂಪುಗೂಡಿನ ಅತಿ ಕೆಳಗಿನ ಸಾಲಿನಲ್ಲಿದ್ದವು. ನಡುವೆ, ಸೆಕೆ ತಾಳಲಾರದಷ್ಟು ಏರಿದ ಬಿಸಿಲ ವರ್ಷಗಳು ಬಂದು ಹೋಗಿದ್ದವು. ಆ ಕಾಲದಲ್ಲಿ ವಿದ್ಯುತ್ತು ಸಿಗದೆ ಸಂಶೋಧನೆಗಳೆಲ್ಲ ನಿಂತಿದ್ದರೂ ಊರಿನವರು ಆಸ್ಪತ್ರೆಗೆ ಕೊಟ್ಟ ಮೇಲೆ ಉಳಿದ ವಿದ್ಯುತ್ತನ್ನು ತಂಪುಗೂಡಿಗೆ ಕೊಟ್ಟಿದ್ದರಂತೆ. ನಿಮ್ಮಲ್ಲಿ ಯಾರೋ ಒಬ್ಬರು ಏಳು ಎಂಬ ಅಂಕಿಯ ಹೊಟ್ಟೆಗೆ ಅಡ್ಡಗೆರೆ ಎಳೆಯುತ್ತಿದ್ದಿರಿ. ಇನ್ನೊಬ್ಬರಿಗೆ ಶಾಯಿ ಆರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಹೆಬ್ಬೆರಳಿನ ಗುರುತು ಕೊಳವೆಗಳಿಗೆ ಅಂಟಿಸಿದ ಎಲ್ಲ ಚೀಟಿಗಳ ಮೇಲೂ ಇದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಕೈ ಮಾತ್ರ ಗೊತ್ತು.

ನಾನು ಕೇಂದ್ರಕ್ಕೆ ಸೇರಿದಾಗ ಅಲ್ಲಿನ ಹಿರಿಯಳು ರಾಬಿಯಾ ಬೇಪಾರಿ. ಎಲ್ಲರೂ ರಾಬಿಯಾಕ್ಕ ಎನ್ನುತ್ತಿದ್ದೆವು. ಗಿಡ್ಡ ಹೆಂಗಸು, ದೊಡ್ಡ ಧ್ವನಿ. ಕೊಳವೆ ತಿರುಗಿಸುವ ಯಂತ್ರದಲ್ಲಿ ಎದುರುಬದುರು ತೂಕ ಸರಿದೂಗಿಸದೆ ಗುಂಡಿ ಒತ್ತಿದರೆ, ಅದು ಗಡಗಡ ಎನ್ನುವ ಮೊದಲೇ ಆಕೆ ಪಕ್ಕದ ಕೋಣೆಯಿಂದ ಗುಡುಗುತ್ತಿದ್ದಳು. ಮೈನಕ್ಷೆ ಓದುವವನು ಚೆನ್ನವೀರ ಹೆಬಸೂರ. ಒಬ್ಬ ಮನುಷ್ಯನ ಆನುವಂಶಿಕ ಬರಹ ಪೂರ್ತಿ ಬಿಚ್ಚಿಟ್ಟದ್ದನ್ನು ನಾವು ಮೈನಕ್ಷೆ ಎನ್ನುತ್ತೇವೆ. ಅವನು ಅದನ್ನು ಓದುವಾಗ ಭಜನೆಯ ಧಾಟಿಯಲ್ಲಿ ಅಪಸ್ವರದಲ್ಲಿ ಗುನುಗುತ್ತಿದ್ದ. ಗುನುಗು ನಿಂತರೆ ಏನೋ ಸಿಕ್ಕಿದೆ ಎಂದು ಅರ್ಥ. ನನ್ನ ಪಾಲಿಗೆ ಬಂದದ್ದು ಎರಡು ಕೆಲಸ: ಕಣಗಳನ್ನು ಸಾಕುವುದು ಮತ್ತು ರೋಗಿಗಳ ಮನೆಗಳಿಗೆ ಹೋಗಿ ಬರುವುದು.

ನಾವು ಹುಡುಕುತ್ತಿದ್ದದ್ದು ಬೆನ್ನುಬಿಗಿ ಎಂಬ ಉರಿಯೂತದ ಬೇರನ್ನು. ಮೈಯನ್ನು ಕಾಯಬೇಕಾದ ಬೆಂಕಿ ಮೈಯೊಳಗೇ ಹೊತ್ತಿಕೊಂಡು ಬೆನ್ನೆಲುಬಿನ ಕೀಲುಗಳನ್ನು ಸುಡುತ್ತದೆ. ಸುಟ್ಟ ಜಾಗದಲ್ಲಿ ಎಲುಬು ಬೆಳೆದು ಬೆನ್ನು ಒಂದೇ ಕೋಲಿನಂತಾಗುತ್ತದೆ. ಕೆಲವರಿಗೆ ಕಣ್ಣೂ ಉರಿದು ಮಂಜಾಗುತ್ತದೆ. ನಿಮ್ಮ ಕಾಲದಿಂದ ಬಂದ ಚುಚ್ಚುಮದ್ದುಗಳಿದ್ದವು. ಅವು ಬೆಂಕಿಯನ್ನು ತಗ್ಗಿಸುತ್ತಿದ್ದವು, ಜೊತೆಗೆ ಮೈಯ ಕಾವಲನ್ನೂ ತಗ್ಗಿಸುತ್ತಿದ್ದವು. ಬಿಸಿಲ ವರ್ಷಗಳ ನಂತರ ಹೊಸ ಹೊಸ ಜ್ವರಗಳು ಬಂದು, ಆ ಮದ್ದು ಕೊಡುವುದಕ್ಕೇ ವೈದ್ಯರು ಹೆದರುವಂತಾಗಿತ್ತು.

ಫಕೀರಪ್ಪ ತಳವಾರ ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿ. ಧಾರವಾಡ ಹುಬ್ಬಳ್ಳಿ ನಡುವಿನ ಹಳಿಬಂಡಿ ಓಡಿಸುತ್ತಿದ್ದವನು. ಕುತ್ತಿಗೆ ಹೊರಳದಂತಾದ ಮೇಲೆ ಕೆಲಸ ಬಿಡಿಸಿದ್ದರು. ಯಾರಾದರೂ ಕರೆದರೆ ಬಾಗಿಲು ತಿರುಗಿದಂತೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಆದರೆ ಅವನು ತನಗಾಗಿ ಬಂದಿರಲಿಲ್ಲ. ಜೊತೆಯಲ್ಲಿ ಮಗಳು ಸಂಗವ್ವ ಇದ್ದಳು, ಇನ್ನೂ ಲಂಗ ತೊಡುವ ವಯಸ್ಸು. ಬೆಳಗ್ಗೆ ಎದ್ದರೆ ಬೆನ್ನು ಬಿಗಿ, ಬಲಗಣ್ಣು ಕೆಂಪು.

"ನಂದು ಆತು ಬಿಡ್ರಿ ಅಕ್ಕಾರ," ಎಂದ ಫಕೀರಪ್ಪ. "ಹಳಿ ಮುಗದೈತಿ. ಇಕಿದೊಂದು ನೋಡ್ರಿ. ಇಕಿಗೆ ಇನ್ನೂ ಭಾಳ ದೂರ ಹೋಗೂದೈತಿ."

ರಾಬಿಯಾಕ್ಕ ಹುಡುಗಿಯ ಗಲ್ಲ ಹಿಡಿದು ಕಣ್ಣು ನೋಡಿದಳು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಫಕೀರಪ್ಪನಿಗೆ ಬಾಳವ್ವ ಎಂಬ ಅಕ್ಕ ಇದ್ದಾಳೆ, ಅಣ್ಣಿಗೇರಿಯಲ್ಲಿ ಸಸಿಮನೆ ಇಟ್ಟುಕೊಂಡಿದ್ದಾಳೆ. ನೆರಳುಬೀದಿಗಳ ಮೇಲೆ ಹಬ್ಬಿಸುವ ಬಳ್ಳಿಗಳನ್ನು ಬೆಳೆಸಿ ಮಾರುವುದು ಆಕೆಯ ಕಸುಬು. ನಮ್ಮ ಊರುಗಳಲ್ಲಿ ಬಿಸಿಲಿಗೆ ಬೀದಿಯೆಲ್ಲ ಬಳ್ಳಿಚಪ್ಪರ ಹಾಕುತ್ತಾರೆ. ಅದಿಲ್ಲದೆ ಮಧ್ಯಾಹ್ನ ಯಾರೂ ಹೊರಬರಲಾರರು. ಬಾಳವ್ವನಿಗೂ ಹರೆಯದಲ್ಲಿ ಬೆನ್ನು ಬಿಗಿದಿತ್ತಂತೆ, ಕಣ್ಣು ಕೆಂಪಾಗಿತ್ತಂತೆ. ಆಮೇಲೆ ತಾನಾಗಿಯೇ ಹೋಯಿತಂತೆ. ಇದನ್ನು ಕೇಳಿದ್ದೇ ಚೆನ್ನವೀರನ ಗುನುಗು ನಿಂತಿತು. ಹೊತ್ತಿದ ಬೆಂಕಿ ಒಬ್ಬರ ಮೈಯಲ್ಲಿ ತಾನೇ ಆರಿತೆಂದರೆ ಆರಿಸುವ ಏನೋ ಒಂದು ಆ ಮೈಯಲ್ಲಿ ಇರಲೇಬೇಕು.

"ನೀವs ಹೋಗಿ ಕೇಳ್ರಿ," ಎಂದ ಫಕೀರಪ್ಪ ನೆಲ ನೋಡುತ್ತ. "ಅಕಿ ನನ್ನ ಕೂಡ ಮಾತಾಡೂದಿಲ್ಲ."

ನಾನು ಅಣ್ಣಿಗೇರಿಗೆ ಹೋದೆ. ಬಾಳವ್ವ ಗೋಣಿಚೀಲದ ತುಂಬ ಮಣ್ಣು ಹೊತ್ತು ಬರುತ್ತಿದ್ದಳು. ತಮ್ಮನಿಗಿಂತ ಹಿರಿಯಳಾದರೂ ಬೆನ್ನು ಬಿದಿರಿನಂತೆ ನೇರ. ನಾನು ಬಂದ ಕಾರಣ ಹೇಳಿದೆ. ಆಕೆ ಚೀಲ ಇಳಿಸಿ ಕೈ ಕೊಡವಿದಳು.

"ನನ್ನ ರಕ್ತ ಬೇಕೇನ ನಿಮಗ? ಮೊದಲ ನಮ್ಮವ್ವನ್ದು ಏನಾತು ಹೇಳ್ರಿ."

ಯಾವ ಅವ್ವ ಎಂದು ಕೇಳಿದೆ.

"ನಮ್ಮವ್ವ ಗೌರವ್ವ. ನಾ ಸಣ್ಣಾಕಿದ್ದಾಗ ನಿಮ್ಮಂಥವರs ಬಂದಿದ್ರು. ನಗುನಗುತ ಮಾತಾಡಿದ್ರು, ರಕ್ತ ತಗೊಂಡ್ರು, ಏನ್ ಗೊತ್ತಾಕ್ಕೈತಿ ಬಂದು ಹೇಳ್ತೀವಿ ಅಂದ್ರು. ಅವ್ವ ಹಾದಿ ಕಾದ್ಲು ನೋಡ್ರಿ. ಯಾರರೆ ಬಿಳಿ ಅರಿವಿ ಉಟಗೊಂಡು ಓಣ್ಯಾಗ ಬಂದ್ರ ಸಾಕು, ಎದ್ದು ಸೆರಗು ಸರಿ ಮಾಡ್ಕೋತಿದ್ಲು. ಒಬ್ಬರೂ ಬರಲಿಲ್ಲ. ನನ್ನ ತಮ್ಮ, ಬ್ಯಾನಿ ತಡಕೊಳ್ಳಾಕ ಆಗದs ಒಂದಿನ ಅಕಿಗೆ ಅಂದುಬಿಟ್ಟ: ಇದು ನಿನ್ನ ಹಾಲಿನಾಗಿಂದ ಬಂದ ಬ್ಯಾನಿ ಅಂತ. ಅದನ್ನs ನಂಬಿಕೊಂಡು ಸತ್ತಳು. ಹೋಗ್ರಿ. ಮೊದಲ ಅವ್ವನ ಸುದ್ದಿ ತಗೊಂಡ್ ಬರ್ರಿ."

ಬಂದ ದಾರಿಯಲ್ಲೇ ಹಿಂದಿರುಗಿದೆ. ರಾಬಿಯಾಕ್ಕನಿಗೆ ಹೇಳಿದಾಗ ಆಕೆ ಹೆಸರುಗಳ ಬೀಗ ತೆಗೆಯಲು ಅನುಮತಿ ಕೇಳಿ ಅಂದೇ ಬರೆದಳು. ಕೊಳವೆಗಳ ಮೇಲೆ ಬರೀ ಸಂಖ್ಯೆ ಇರುತ್ತದೆ, ಕೊಟ್ಟವರ ಹೆಸರು ಬೇರೆಡೆ ಬೀಗದಲ್ಲಿ. ಅದು ನಿಮ್ಮ ಕಾಲದಿಂದಲೂ ಬಂದ ಒಳ್ಳೆಯ ನಿಯಮ. ಮಗಳು ಕೇಳಿದ್ದರಿಂದ ಬೀಗ ತೆಗೆಯಲು ಅನುಮತಿ ಸಿಕ್ಕಿತು. ಗೌರವ್ವನ ಕೊಳವೆ ತಂಪುಗೂಡಿನಲ್ಲಿ ಇತ್ತು. ತಂದಿಟ್ಟಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆಕೆ ರೋಗಿಯಾಗಿರಲಿಲ್ಲವಲ್ಲ! ಗಟ್ಟಿಮುಟ್ಟಾದ ಹೆಂಗಸಿನ ರಕ್ತದಲ್ಲಿ ಏನಿರುತ್ತದೆ ಎಂದು ಆಗಿನವರು ಹಿಂದಿನ ಸಾಲಿಗೆ ತಳ್ಳಿದ್ದರು. ಆಮೇಲೆ ಅವರೂ ಬೇರೆ ಬೇರೆ ಊರಿಗೆ ಹೋದರು, ಮರೆತರು.

"ಇದನ್ನ ಹೆಂಗ ಹೇಳೂದು ಅಕ್ಕಾ?" ಎಂದೆ. "ಸ್ವಲ್ಪ ತಡೀರಿ. ಈಗ ತೆಗೆದು ನೋಡೂಣು. ಏನರೆ ಸಿಕ್ಕರ ಹೇಳಾಕ ಒಂದು ಮಾತರೆ ಇರತೈತಿ."

"ಬ್ಯಾಡ," ಎಂದಳು ರಾಬಿಯಾಕ್ಕ. "ಇರೂದು ಒಂದs ಕೊಳವೆ. ಕರಗಿಸಿದರ ಮುಗೀತು. ಅದು ಆ ಮನಿಯವರ ಸ್ವತ್ತು, ಅವರನ್ನ ಕೇಳದs ಮುಟ್ಟಂಗಿಲ್ಲ. ಮತ್ತ ಇನ್ನೊಂದು ತಿಳಕೋ ದಾನವ್ವಾ, ಏನೂ ಇಲ್ಲ ಅನ್ನೂದೂ ಸುದ್ದೀನs. ನಾನs ಬರ್ತೀನಿ, ನಡಿ."

ಆಕೆ ಎಂದೂ ಕೇಂದ್ರ ಬಿಟ್ಟು ಹೊರಗೆ ಹೋದವಳಲ್ಲ. ಆ ದಿನ ಅಣ್ಣಿಗೇರಿಯ ಸಸಿಮನೆಯಲ್ಲಿ ಬಳ್ಳಿಗಳ ನಡುವೆ ನಿಂತು, ಗುಡುಗುವ ಧ್ವನಿಯನ್ನು ಎಲ್ಲೋ ಇಳಿಸಿ ಬಂದವಳಂತೆ, ಮೆಲ್ಲಗೆ ಹೇಳಿದಳು: "ಬಾಳವ್ವಾರ, ನಿಮ್ಮವ್ವನ ರಕ್ತ ನಮ್ಮ ಹತ್ರ ಜ್ವಾಕಿ ಐತ್ರಿ. ಆದರ ಯಾರೂ ತೆಗೆದs ನೋಡಿಲ್ಲ. ಬಂದು ಹೇಳ್ತೀವಿ ಅಂದವರು ನಮ್ಮವರು. ಬರಲಿಲ್ಲ. ತಪ್ಪು ನಮ್ಮದು. ಅದನ್ನ ಹೇಳಾಕ ಬಂದೀನಿ. ನಿಮ್ಮ ರಕ್ತ ನಾ ಇವತ್ತ ಕೇಳೂದಿಲ್ಲ."

ಬಾಳವ್ವ ಕೈಯಲ್ಲಿದ್ದ ಸಸಿಯನ್ನು ಕುಂಡಕ್ಕೆ ಇಟ್ಟು, ಮಣ್ಣು ಒತ್ತಿ, ನೀರು ಹಾಕಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟ ಬಂದು ಹೇಳಿದ್ರ ಸಾಕಿತ್ತು ನೋಡ್ರಿ ಅಕಿಗೆ," ಎಂದಳು. ತುಸು ಹೊತ್ತಾದ ಮೇಲೆ ತೋಳು ಮುಂದೆ ಮಾಡಿದಳು. "ತಗೋರಿ. ಅವ್ವನ್ದೂ ತೆಗೀರಿ."

ಮುಂದಿನ ದಿನಗಳ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. ಕಾಯುವುದು, ತಪ್ಪುವುದು, ಮತ್ತೆ ಮೊದಲಿನಿಂದ ಹೂಡುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ಅಕ್ಕ ತಮ್ಮ ಇಬ್ಬರ ಮೈನಕ್ಷೆಯಲ್ಲೂ ಬೆಂಕಿ ಹೊತ್ತಿಸುವ ತುಣುಕು ಇತ್ತು. ಅದು ಯಾರಿಂದ ಬಂದದ್ದೆಂದು ಇನ್ನೂ ಗೊತ್ತಿರಲಿಲ್ಲ. ನಾನು ಇಬ್ಬರ ಕಣಗಳನ್ನೂ ಬೇರೆ ಬೇರೆ ತಟ್ಟೆಯಲ್ಲಿ ಸಾಕಿ, ಮೈಗೆ ಅಪಾಯ ಬಂತೆಂದು ಕಣಗಳಿಗೆ ಸಾರುವ ಹನಿಯನ್ನು ಹಾಕಿದೆ. ಎರಡೂ ತಟ್ಟೆ ಹೊತ್ತಿಕೊಂಡವು. ತಮ್ಮನ ತಟ್ಟೆ ಉರಿಯುತ್ತಲೇ ಹೋಯಿತು. ಅಕ್ಕನದು ಏರಿತು, ನಿಂತಿತು, ಇಳಿಯಿತು. ನಾನು ಕೂಗಿಕೊಂಡೆ. ಚೆನ್ನವೀರ ಓಡಿಬಂದ. ರಾಬಿಯಾಕ್ಕ ನೋಡಿ, "ಮತ್ತೊಮ್ಮೆ ಮಾಡು," ಎಂದಷ್ಟೇ ಹೇಳಿ ಹೊರಟುಹೋದಳು. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಪ್ರತಿ ಸಲವೂ ಅಕ್ಕನ ತಟ್ಟೆ ಆರಿತು.

ಕೊನೆಗೆ ಗೌರವ್ವನ ಕೊಳವೆ ಉಳಿಯಿತು. ಅಷ್ಟು ವರ್ಷ ಮಲಗಿದ್ದ ಕಣಗಳು ಏಳುತ್ತವೆಯೋ ಇಲ್ಲವೋ ಗೊತ್ತಿರಲಿಲ್ಲ. ಕರಗಿಸಲು ಕೊಳವೆಯನ್ನು ಬೆಚ್ಚಗಿನ ನೀರಿಗೆ ಇಳಿಸಿದೆ. ರಾಬಿಯಾಕ್ಕ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟು ನಿಂತಳು. ಮರುದಿನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ತಟ್ಟೆಯ ಅಂಚಿಗೆ ನಾಲ್ಕಾರು ಕಣಗಳು ಗುಂಡಗೆ, ಹೊಳೆಯುತ್ತ, ಜೀವಂತ ಕೂತಿದ್ದವು. ಸತ್ತುಹೋದ ಒಬ್ಬ ತಾಯಿ ಬಾಗಿಲಲ್ಲಿ ಬಂದು ನಿಂತಂತಾಯಿತು. ಕೆಲವು ದಿನಗಳ ನಂತರ ಚೆನ್ನವೀರನ ಗುನುಗು ನಿಂತಿತು. ಹೊತ್ತಿಸುವ ತುಣುಕು ಅಲ್ಲಿರಲಿಲ್ಲ, ಅಂದರೆ ಅದು ತಂದೆಯ ಕಡೆಯದು. ಆರಿಸುವ ತುಣುಕು ಅಲ್ಲಿತ್ತು. ಅದು ಗೌರವ್ವನದು. ಮಗಳಿಗೆ ಕೊಟ್ಟಿದ್ದಳು. ಮಗನ ಪಾಲಿಗೆ ಅದರ ಜೋಡಿಯ, ಆರಿಸಲಾರದ ಇನ್ನೊಂದು ಬಂದಿತ್ತು.

ಈ ಸಲ ಅಣ್ಣಿಗೇರಿಗೆ ಹೋದಾಗ ಫಕೀರಪ್ಪನನ್ನೂ ಕರೆದುಕೊಂಡು ಹೋದೆವು. ಅವನು ಸಸಿಮನೆಯ ಬಾಗಿಲಲ್ಲೇ ನಿಂತ. ಬಾಳವ್ವ ಅವನ ಕಡೆ ನೋಡಲಿಲ್ಲ.

ರಾಬಿಯಾಕ್ಕ ಇಬ್ಬರಿಗೂ ಕೇಳುವಂತೆ ಹೇಳಿದಳು: "ನಿಮ್ಮವ್ವ ಬ್ಯಾನಿ ಕೊಟ್ಟಿಲ್ರಿ. ಬ್ಯಾನಿ ನಿಮ್ಮ ಅಪ್ಪನ ಕಡಿಂದ ಇಳದದ್ದು. ಅವರೂ ಬೇಕಂತ ಕೊಟ್ಟದ್ದಲ್ಲ. ನಿಮ್ಮವ್ವನ ಹತ್ರ ಇದ್ದದ್ದು ಆ ಬೆಂಕಿ ಆರಿಸೂದು. ಅದು ಬಾಳವ್ವಾರಿಗೆ ಬಂತು. ಫಕೀರಪ್ಪಾರ, ನಿಮಗ ಬರಲಿಲ್ಲ. ಆದರ ಅದನ್ನ ನೋಡಿ ಔಷಧ ಮಾಡಬಹುದು. ನಿಮ್ಮ ಮಗಳಿಗೆ ಅಜ್ಜಿ ಕೈಲೇ ಸಿಕ್ಕಂಗ."

ಫಕೀರಪ್ಪ ಇಡೀ ಮೈ ತಿರುಗಿಸಿ ಅಕ್ಕನ ಕಡೆ ನಿಂತ. ತಲೆ ತಗ್ಗಿಸಬೇಕೆಂದರೂ ಅವನ ಕುತ್ತಿಗೆ ಬಾಗುವಂತಿರಲಿಲ್ಲ. ನೇರ ನಿಂತೇ ಅತ್ತ.

"ನಾ ಅಕಿಗೆ ಅಂದಿದ್ನಲ್ಲಬೇ ಅಕ್ಕಾ..."

"ಗೊತ್ತೈತಿ," ಎಂದಳು ಬಾಳವ್ವ. "ನೀ ಅಂದದ್ದೂ ಕೇಳೀನಿ, ಅಕಿ ಒಳಗ ಹೋಗಿ ಅತ್ತದ್ದೂ ಕೇಳೀನಿ."

ಬಳ್ಳಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಬಾಳವ್ವ ಕೇಳಿದಳು, "ಹುಡಗಿ ಕಣ್ಣು ಹೆಂಗೈತಿ?"

ಔಷಧಕ್ಕೆ ವರ್ಷಗಳೇ ಹಿಡಿದವು. ತಣಿಹನಿ ಎಂದು ಅದಕ್ಕೆ ಹೆಸರಾಯಿತು; ಈಗ ಹೊತ್ತಿಸುವ ತುಣುಕು ಇರುವ ಮಕ್ಕಳಿಗೆ ಎಳವೆಯಲ್ಲೇ ನಾಲಿಗೆಗೆ ಹಾಕುತ್ತಾರೆ. ಅದು ಸಿದ್ಧವಾಗುವ ಹೊತ್ತಿಗೆ ಸಂಗವ್ವನ ಬಲಗಣ್ಣು ಮಂಜಾಗಿಹೋಗಿತ್ತು. ಎಡಗಣ್ಣು ಉಳಿಯಿತು, ಬೆನ್ನು ಉಳಿಯಿತು. ಫಕೀರಪ್ಪನ ಎಲುಬು ಕೂಡಿಕೊಂಡದ್ದು ಬಿಡಲಿಲ್ಲ, ಆದರೆ ನೋವು ನಿಂತಿತು. ರಾತ್ರಿ ಮಲಗಿದರೆ ಬೆಳಗಾಗುವುದೇ ಗೊತ್ತಾಗುವುದಿಲ್ಲ ಎಂದು ಬೆರಗಿನಿಂದ ಹೇಳುತ್ತಿದ್ದ. ಕೊನೆಯ ವರ್ಷಗಳನ್ನು ಅವನು ಅಕ್ಕನ ಸಸಿಮನೆಯಲ್ಲೇ ಕಳೆದ. ಎತ್ತರದ ಬಳ್ಳಿಗಳಿಗೆ ನೀರು ಹಾಕುವುದು ಅವನ ಕೆಲಸ. ಬಾಗಬೇಕಾದ ಕೆಲಸಗಳನ್ನು ಆಕೆ ಮಾಡುತ್ತಿದ್ದಳು. ಸಂಗವ್ವ ಈಗ ಮೊಮ್ಮಕ್ಕಳ ಅಜ್ಜಿ, ಓಣಿಯವರೊಂದಿಗೆ ನೀರಿನ ಸರದಿಗೆ ಜಗಳ ತೆಗೆಯುವುದರಲ್ಲಿ ನಿಪುಣೆ.

ರೋಗ ಅಪರೂಪವಾಗುತ್ತ ಬಂದಂತೆ ನಮ್ಮ ಕೋಣೆಗಳೂ ಒಂದೊಂದಾಗಿ ಖಾಲಿಯಾದವು. ನಾವು ಬಯಸಿದ್ದು ಅದನ್ನೇ. ಹಾಗಿದ್ದೂ ಕೊನೆಯ ಯಂತ್ರ ನಿಂತ ದಿನ ಕಿವಿಯಲ್ಲಿ ಬಿದ್ದ ಮೌನಕ್ಕೆ ನಾನು ತಯಾರಾಗಿರಲಿಲ್ಲ. ರಾಬಿಯಾಕ್ಕ ಹೋಗಿ ಬಹಳ ಕಾಲವಾಯಿತು. ಚೆನ್ನವೀರ ಮಗಳ ಮನೆಯಲ್ಲಿ ಕಾರವಾರದಲ್ಲಿದ್ದಾನೆ. ನೆನಪು ಬಿಟ್ಟುಹೋಗಿದೆ, ಮಗಳ ಹೆಸರೂ ಒಮ್ಮೊಮ್ಮೆ ಸಿಗುವುದಿಲ್ಲ. ಮೊನ್ನೆ ನಾನು ಮಾತಾಡಿಸಿದಾಗ ಧ್ವನಿ ಗುರುತು ಹಿಡಿದು ಗಾಬರಿಯಿಂದ ಕೇಳಿದ, "ದಾನವ್ವಾ, ಇವತ್ತ ಕಣಕ್ಕ ಊಟ ಹಾಕಿದೇನು?" ಹಾಕಿದೆ ಎಂದೆ. "ಛಲೋ ಆತು," ಎಂದು ಸಮಾಧಾನದಿಂದ ಗುನುಗತೊಡಗಿದ. ಅದೇ ಅಪಸ್ವರ. ಅವನು ನಿಲ್ಲಿಸುವವರೆಗೆ ಕೇಳುತ್ತ ಕೂತಿದ್ದೆ.

ಹಿರಿಯರೇ, ಕೆರೆಯ ದಂಡೆಯಲ್ಲಿ ಜನ ಸೇರುತ್ತಿದ್ದಾರೆ, ನಾನು ಮುಗಿಸಬೇಕು. ನೀವು ಈಗ ಬೇಸತ್ತಿರಬಹುದು. ನಿಮ್ಮ ತಟ್ಟೆಗಳು ಕೆಟ್ಟಿರಬಹುದು, ಹುಡುಕಿದ್ದು ಸಿಗದೆ ಈ ಕೆಲಸವೇ ಸಾಕೆನಿಸಿರಬಹುದು. ಸಿಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ; ನಿಮಗೆ ಸಿಗದಿದ್ದರೂ ನಿಮ್ಮಿಂದ ಕಲಿತು ಜೋಪಾನ ಮಾಡಿಟ್ಟಿದ್ದರಲ್ಲಿ ನಮಗೆ ಸಿಕ್ಕಿತು. ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಕೋಣೆಯಲ್ಲಿ ಸಂಖ್ಯೆ ಹಚ್ಚಿಕೊಂಡು ಮಲಗಿರುವ ಪ್ರತಿ ರಕ್ತದ ಹಿಂದೆ ಒಂದು ಮನೆಯಿದೆ. ಆ ಮನೆಯವರು ಬದುಕಿರುವಾಗಲೇ ಒಮ್ಮೆ ಹೋಗಿ. ಸಿಕ್ಕಿದ್ದರೆ ಸಿಕ್ಕಿದ್ದನ್ನು ಹೇಳಿ. ಏನೂ ಸಿಗದಿದ್ದರೆ, ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಎಂದು ಹೇಳಿ. ಕೈಯಲ್ಲಿ ಏನೂ ಇಲ್ಲದೆ ಹೇಗೆ ಹೋಗುವುದೆಂದು ಸಂಕೋಚಪಡಬೇಡಿ.

ಅವರು ಕೂತ್ಕೊಳ್ಳಿ ಎನ್ನುತ್ತಾರೆ. ಕೂತುಕೊಳ್ಳಿ.

ನಿಮ್ಮ ಹಿಂದೆ ಬಂದವಳು,
ದಾನಮ್ಮ